ನಾಯಿ ಊಟ ಬಿಟ್ಟಿದೆಯಾ? ಮೊದಲು ವಸಡು ನೋಡಿ

ನಾಯಿಗಳು ನೋವನ್ನು ಮುಚ್ಚಿಡುತ್ತವೆ. ಜ್ವರ ಇದ್ದರೂ ಕರೆದರೆ ಎದ್ದು ಬರುತ್ತವೆ, ಬಾಲ ಅಲ್ಲಾಡಿಸುತ್ತವೆ, ಹಾಗಾಗಿ ನಮಗೆ ಗೊತ್ತಾಗುವಷ್ಟರಲ್ಲಿ ಕಾಯಿಲೆ ಎಷ್ಟೋ ಸಲ ಎರಡು ಮೂರು ದಿನ ಹಳೆಯದಾಗಿರುತ್ತದೆ. ಮನೆಯಲ್ಲಿ ಕೂತು ಡಾಕ್ಟರ್ ಕೆಲಸ ಮಾಡಿ ಅಂತ ನಾನು ಹೇಳ್ತಿಲ್ಲ. ಯಾವುದಕ್ಕೆ ಒಂದು ದಿನ ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಅನ್ನೋದು ಗೊತ್ತಿದ್ದರೆ ಸಾಕು, ಎಷ್ಟೋ ಜೀವ ಉಳಿಯುತ್ತದೆ.

ಹುಷಾರಾಗಿರುವಾಗಲೇ ನೋಡಿಟ್ಟುಕೊಳ್ಳಿ

ಇವತ್ತು ನಿಮ್ಮ ನಾಯಿ ಚೆನ್ನಾಗಿದೆ ಅಲ್ವಾ? ಹಾಗಾದರೆ ಇವತ್ತೇ ಅದರ ಮೇಲ್ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ಬರಬೇಕು. ಕೆಲವು ನಾಯಿಗಳ ವಸಡು ಹುಟ್ಟಾ ಕಪ್ಪು, ಅವಕ್ಕೆ ಕೆಳಗಿನ ಕಣ್ಣುರೆಪ್ಪೆಯ ಒಳಭಾಗ ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ಒಳಗೆಲ್ಲೋ ರಕ್ತ ಸೋರುತ್ತಿದೆ. ಹಳದಿ ಇದ್ದರೆ ಕಾಮಾಲೆ. ನೀಲಿ ಇದ್ದರೆ ಉಸಿರಾಟದ ತೊಂದರೆ. ಈ ಮೂರರಲ್ಲಿ ಯಾವುದು ಕಂಡರೂ ಬೇರೇನೂ ಯೋಚಿಸದೆ ಆಸ್ಪತ್ರೆಗೆ ಹೊರಡಿ.

ಆಮೇಲೆ ಜ್ವರ. ಮೂಗು ಒಣಗಿದರೆ ಜ್ವರ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಬೇಡಿ. ಮಲಗಿ ಎದ್ದ ನಾಯಿಯ ಮೂಗು ಸುಮ್ನೆ ಒಣಗಿರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೆ ಅಂತಲೇ ಬೇರೆ ಇಡಿ. ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ, ಬಾಲ ಎತ್ತಿ, ಗುದದ್ವಾರದೊಳಗೆ ಒಂದು ಇಂಚಿನಷ್ಟು ಮೆಲ್ಲಗೆ ಹಾಕಿ. ಇನ್ನೊಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. 104 ದಾಟಿದರೆ ಅವತ್ತೇ ತೋರಿಸಿ.

ಉಸಿರನ್ನೂ ಎಣಿಸಿ, ಆದರೆ ಗಾಢವಾಗಿ ಮಲಗಿರುವಾಗ. ನಿಮಿಷಕ್ಕೆ 30ರ ಒಳಗಿರಬೇಕು. ವಯಸ್ಸಾದ ನಾಯಿಯಲ್ಲಿ ಇದು ದಿನೇ ದಿನೇ ಏರುತ್ತಿದ್ದರೆ ಹೃದಯದ ತೊಂದರೆ ಇರಬಹುದು.

ಉಣ್ಣೆ (ಟಿಕ್) ಮತ್ತು ಅದರಿಂದ ಬರುವ ಟಿಕ್ ಜ್ವರ

ನಮ್ಮ ಕಡೆ ನಾಯಿಗಳನ್ನು ಜಾಸ್ತಿ ಕಾಡುವುದು ಇದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನಾಯಿಗೆ ಹತ್ತುವ ಕಂದು ಉಣ್ಣೆ ಬರೀ ಹುಲ್ಲಲ್ಲಿ ಇರುವುದಿಲ್ಲ, ಮನೆಯೊಳಗೇ ಸಂಸಾರ ಮಾಡುತ್ತದೆ. ರಕ್ತ ಕುಡಿದು ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕಿನಲ್ಲೋ ಕರ್ಟನ್ ಹಿಂದೆಯೋ ಸಾವಿರಾರು ಮೊಟ್ಟೆ ಇಡುತ್ತದೆ. ದೊಡ್ಡ ಉಣ್ಣೆಗಳು ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಅದಕ್ಕೇ ನಾಯಿಗೆ ಎಷ್ಟು ಸ್ನಾನ ಮಾಡಿಸಿದರೂ ಮತ್ತೆ ಮತ್ತೆ ಬರುತ್ತವೆ.

ದಿನಾ ರಾತ್ರಿ ಐದು ನಿಮಿಷ ನಾಯಿಯ ಮೈ ತಡವಿ. ಕಿವಿಯ ಒಳಗೆ, ಬೆರಳುಗಳ ಸಂದಿ, ಕಂಕುಳು, ಕಾಲರ್ ಕೆಳಗೆ, ಬಾಲದ ಬುಡ. ಸಿಕ್ಕಿದರೆ ಚೂಪು ತುದಿಯ ಟ್ವೀಜರ್‌ನಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಕಿತ್ತದ್ದನ್ನು ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಉಗುರಲ್ಲಿ ಹಿಚುಕಬೇಡಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಎಲ್ಲಾ ಬೇಡ, ಅದರಿಂದ ನಾಯಿಯ ಚರ್ಮ ಸುಡುತ್ತದೆ, ಮತ್ತು ಕೆರಳಿದ ಉಣ್ಣೆ ತನ್ನ ಬಾಯಲ್ಲಿರುವ ರೋಗವನ್ನು ಇನ್ನಷ್ಟು ಒಳಗೆ ಬಿಡುವ ಸಾಧ್ಯತೆ ಇರುತ್ತದೆ.

ಆಮೇಲೆ ಜಾಗ ಕ್ಲೀನ್ ಮಾಡಿ. ನಾಯಿಯ ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ, ಗೋಡೆಯ ಬಿರುಕು ಮುಚ್ಚಿ, ಮೂಲೆಗಳನ್ನು ವಾರಕ್ಕೊಮ್ಮೆ ಗುಡಿಸಿ. ಉಣ್ಣೆ ತಡೆಯಲು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ, ಬೆನ್ನಿಗೆ ಹಾಕುವ ಹನಿ ಔಷಧಿಯೂ ಇದೆ. ನಾಯಿಯ ತೂಕ ನೋಡಿ ಡಾಕ್ಟರ್ ಹೇಳಿದ್ದನ್ನೇ ತನ್ನಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮೊದಲೇ ಹೇಳಬೇಕು. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಅಂತ ಬರೆದಿರುವ ಔಷಧಿ ಹಾಕಲೇಬೇಡಿ. ನಾಯಿಗೆ ಏನೂ ಆಗದೇ ಇರಬಹುದು, ಬೆಕ್ಕಿಗೆ ಅದು ವಿಷ.

ಇನ್ನು ಜ್ವರ. ಉಣ್ಣೆ ಕಚ್ಚಿದ ತಕ್ಷಣ ಬರುವುದಿಲ್ಲ, ಒಂದರಿಂದ ಮೂರು ವಾರ ಆಗಬಹುದು, ಅಷ್ಟರಲ್ಲಿ ನಾವು ಉಣ್ಣೆಯನ್ನೇ ಮರೆತಿರುತ್ತೇವೆ. ಊಟ ಬಿಡುತ್ತದೆ, ಮಂಕಾಗಿ ಮೂಲೆ ಸೇರುತ್ತದೆ, ವಾಕಿಂಗ್ ಅಂದರೂ ಏಳುವುದಿಲ್ಲ. ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಬಿಳಿಚಿದ ವಸಡು ಕಂಡರೆ ಎರ್ಲಿಕಿಯಾ ಅನ್ನೋ ಟಿಕ್ ಜ್ವರ ಇರಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬೆಬೀಸಿಯಾ ಅನ್ನೋ ಇನ್ನೊಂದು ಟಿಕ್ ಜ್ವರ ಇರಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸದೆ ಊಹೆಯ ಮೇಲೆ ಮಾತ್ರೆ ಹಾಕಬೇಡಿ. ಎರ್ಲಿಕಿಯಾಗೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಕೊಡುತ್ತಾರೆ. ಮೂರನೇ ದಿನಕ್ಕೇ ನಾಯಿ ಊಟ ಶುರು ಮಾಡುತ್ತದೆ, ಹುಷಾರಾಯ್ತು ಅಂತ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿದುಕೊಳ್ಳುತ್ತದೆ. ದಯವಿಟ್ಟು ಕೋರ್ಸ್ ಪೂರ್ತಿ ಮುಗಿಸಿ.

ವಾಂತಿ, ಬೇಧಿ

ದೊಡ್ಡ ನಾಯಿ ಒಂದೆರಡು ಸಲ ವಾಂತಿ ಮಾಡಿ ಆಮೇಲೆ ಓಡಾಡಿಕೊಂಡಿದ್ದರೆ ಗಾಬರಿ ಬೇಡ. ಸುಮಾರು 12 ಗಂಟೆ ಊಟ ಕೊಡಬೇಡಿ. ನೀರನ್ನು ಬಟ್ಟಲು ತುಂಬ ಇಡದೆ, ಸ್ವಲ್ಪ ಸ್ವಲ್ಪ ಆಗಾಗ ಕೊಡಿ. ವಾಂತಿ ನಿಂತ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ಜೊತೆಗೆ ಉಪ್ಪು ಖಾರ ಇಲ್ಲದ ಬೇಯಿಸಿದ ಚಿಕನ್, ಅದೂ ಮೂಳೆ ತೆಗೆದು. ಮಾಂಸ ಮಾಡದ ಮನೆಯಾದರೆ ಅನ್ನದ ಜೊತೆ ಬೇಯಿಸಿದ ಸಿಹಿಗುಂಬಳ ನಡೆಯುತ್ತದೆ. ಒಂದೇ ಸಲ ಹೊಟ್ಟೆ ತುಂಬ ಹಾಕದೆ ನಾಲ್ಕೈದು ಸಲ ಹಂಚಿ ಕೊಡಿ.

ನೀರು ಕಡಿಮೆಯಾಗಿದೆಯಾ ಅಂತ ನೋಡಲು ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಡಿ. ಥಟ್ಟನೆ ಕೂರಬೇಕು. ನಿಧಾನವಾಗಿ ಇಳಿದರೆ, ವಸಡು ಅಂಟಂಟಾಗಿದ್ದರೆ, ಡ್ರಿಪ್ ಹಾಕಿಸಬೇಕಾಗಬಹುದು.

ಮರಿಗಳ ವಿಷಯ ಪೂರ್ತಿ ಬೇರೆ. ಮರಿಯನ್ನು ಉಪವಾಸ ಇಡಬಾರದು, ಕಾಯಲೂಬಾರದು. ಲಸಿಕೆ ಪೂರ್ತಿಯಾಗದ ಮರಿ ವಾಂತಿ ಮಾಡಿ, ಕೆಟ್ಟ ವಾಸನೆಯ ರಕ್ತಬೇಧಿ ಶುರುವಾದರೆ ಅದು ಪಾರ್ವೋ ಅನ್ನೋ ವೈರಸ್ ರೋಗ ಆಗಿರಬಹುದು. ರಾತ್ರಿಯಾಗಿದ್ದರೆ ರಾತ್ರಿಯೇ ಹೋಗಿ, ಏಕೆಂದರೆ ಬೆಳಗ್ಗೆವರೆಗೆ ಮರಿ ಉಳಿಯದೇ ಇರಬಹುದು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬರೀ ಫಿನಾಯಿಲ್ ನಂಬಿಕೊಂಡು ಕೂರಬೇಡಿ. ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ನೆಲ ಒರೆಸಿ, ಹತ್ತು ನಿಮಿಷ ಹಾಗೇ ಬಿಡಿ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಮರಿಗೆ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ನಡೆಯಬೇಕು. ಒಂದು ಇಂಜೆಕ್ಷನ್ ಹಾಕಿಸಿ ಮುಗಿಯಿತು ಅಂದುಕೊಳ್ಳುವ ಮನೆಗಳಲ್ಲೇ ಪಾರ್ವೋ ಜಾಸ್ತಿ ಬರುತ್ತದೆ.

ಇನ್ನೆರಡು ಅಪಾಯ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ತರದ ಆಳದ ಎದೆಯ ದೊಡ್ಡ ನಾಯಿ ವಾಂತಿಗೆ ಒದ್ದಾಡುತ್ತಿದೆ, ಏನೂ ಹೊರಗೆ ಬರುತ್ತಿಲ್ಲ, ಹೊಟ್ಟೆ ಉಬ್ಬಿ ಗಟ್ಟಿಯಾಗಿದೆ ಅಂದರೆ ಹೊಟ್ಟೆ ತಿರುಚಿಕೊಂಡಿರಬಹುದು. ಇದಕ್ಕೆ ಆಪರೇಷನ್ನೇ ಬೇಕು, ಗಂಟೆಗಳ ಲೆಕ್ಕ. ಎರಡನೆಯದು, ಮರಿ ಆಗದಂತೆ ಮಾಡುವ ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿಯುತ್ತಿದ್ದರೆ, ವಾಂತಿ ಮಾಡಿಕೊಂಡು ಮಂಕಾಗಿದ್ದರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಸೋರುವುದು ಕಾಣಲೇಬೇಕು ಅಂತೇನಿಲ್ಲ. ಅವತ್ತೇ ಸ್ಕ್ಯಾನ್ ಮಾಡಿಸಿ.

ಬಿಸಿಲು

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಹೇಳಬೇಕಿಲ್ಲ, ಆದರೆ ಬೆಂಗಳೂರಿನಲ್ಲೂ ಕಿಟಕಿ ಮುಚ್ಚಿದ ಕಾರಲ್ಲಿ ನಾಯಿ ಬಿಟ್ಟು ಹೋದರೆ ಕೆಲವೇ ನಿಮಿಷ ಸಾಕು. ಪಗ್, ಶಿಹ್ ಟ್ಜು ತರದ ಚಪ್ಪಟೆ ಮೂತಿಯ ನಾಯಿಗಳಿಗಂತೂ ಇನ್ನೂ ಕಷ್ಟ. ಜೋರಾಗಿ ಏದುಸಿರು, ಗಟ್ಟಿ ಜೊಲ್ಲು, ಕಡುಕೆಂಪು ನಾಲಿಗೆ, ತೂರಾಟ ಕಂಡರೆ ತಕ್ಷಣ ನೆರಳಿಗೆ ತನ್ನಿ. ಮೈ ಪೂರ್ತಿ ನಲ್ಲಿನೀರು ಹಾಕಿ, ಹೊಟ್ಟೆ, ತೊಡೆ ಸಂದಿ, ಪಾದ ಎಲ್ಲಾ ನೆನೆಯಲಿ, ಮೇಲೆ ಫ್ಯಾನ್ ಹಾಕಿ. ಒದ್ದೆ ಟವಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ, ಹಾಗೆ ಮಾಡಬೇಡಿ. ಥರ್ಮಾಮೀಟರ್ 103ಕ್ಕೆ ಇಳಿದಾಗ ನೀರು ನಿಲ್ಲಿಸಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಿ, ಕಿಡ್ನಿಗೆ ಏಟು ಬಿದ್ದದ್ದು ಮಾರನೇ ದಿನ ಗೊತ್ತಾಗಬಹುದು.

ಗಾಯ, ಹುಳ, ಕಿವಿ

ಸಣ್ಣ ಗಾಯಕ್ಕೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ಸುತ್ತ ಕೂದಲು ಕತ್ತರಿಸಿ. ನೆಕ್ಕದಂತೆ ಕುತ್ತಿಗೆಗೆ ಕೋನ್ ಕಾಲರ್ ಹಾಕಿ. ಮಳೆಗಾಲದಲ್ಲಿ ಗಾಯದ ಮೇಲೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಅದಕ್ಕೆ ಪೆಟ್ರೋಲ್, ಫಿನಾಯಿಲ್ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹುಳ ತೆಗೆಸಲು ಪಶು ಆಸ್ಪತ್ರೆಗೇ ಹೋಗಿ, ಒಳಗೆ ಆಳದಲ್ಲಿರುವುದು ನಮಗೆ ಕಾಣುವುದಿಲ್ಲ.

ಕಿವಿ ಕೆರೆಯುತ್ತಾ ತಲೆ ಒದರುತ್ತಿದ್ದರೆ, ಒಳಗೆ ಕಂದು ಗಲೀಜು, ಹುಳಿ ವಾಸನೆ ಇದ್ದರೆ ಸೋಂಕು. ಇಯರ್‌ಬಡ್ ಹಾಕಬೇಡಿ, ಎಣ್ಣೆಯೂ ಬೇಡ.

ಮನೆಯ ಮಾತ್ರೆ ಡಬ್ಬಿ ಮುಟ್ಟಬೇಡಿ

ಜ್ವರ ಅಂತ ಪ್ಯಾರಸಿಟಮಾಲ್, ಕುಂಟುತ್ತಿದೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವವರಿದ್ದಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಲಿವರ್, ಕಿಡ್ನಿ ಹಾಳಾಗುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುತ್ತದೆ. ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಕೂಡ ಬೇಡ, ಹಬ್ಬದ ದಿನ ಉಳಿದ ಕೇಸರಿಬಾತ್, ಪಾಯಸ ಹಾಕುವಾಗ ಇದು ನೆನಪಿರಲಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಸಿಹಿಗೆ ಹಾಕುವ ಜೈಲಿಟಾಲ್ ಸ್ವಲ್ಪವೇ ಸಾಕು ಜೀವ ಹೋಗಲು. ಏನಾದರೂ ತಿಂದುಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಪ್ಯಾಕೆಟ್ ಹಿಡಿದುಕೊಂಡು ಹೊರಡಿ.

ಹುಚ್ಚುನಾಯಿ ರೋಗ ಮರೆಯಬೇಡಿ

ನಾಯಿ ದವಡೆ ಜೋತುಹಾಕಿ ಜೊಲ್ಲು ಸುರಿಸುತ್ತಿದೆ, ನೀರು ನುಂಗಲು ಆಗುತ್ತಿಲ್ಲ, ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದೆ ಅಂದರೆ ಮೂಳೆ ಸಿಕ್ಕಿಕೊಂಡಿದೆ ಅಂತ ಬಾಯೊಳಗೆ ಕೈ ಹಾಕಬೇಡಿ. ರೇಬೀಸ್ ಆಗಿರಬಹುದು. ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ ಡಾಕ್ಟರಿಗೆ ಫೋನ್ ಮಾಡಿ. ಮನುಷ್ಯರಿಗೆ ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಬೇಕು. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ನಾಯಿಗೆ ಮೂರು ತಿಂಗಳಿಗೆ ರೇಬೀಸ್‌ನ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಂತೆ ಪ್ರತಿ ವರ್ಷ.

ಡಾಕ್ಟರ ಹತ್ತಿರ ಹೋಗುವಾಗ

ನೋವಲ್ಲಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ಹತ್ತಿ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ, ಆದರೆ ವಾಂತಿ ಮಾಡುತ್ತಿದ್ದರೆ, ಏದುಸಿರು ಇದ್ದರೆ ಕಟ್ಟಬಾರದು. ಊಟ ಬಿಟ್ಟದ್ದು ಯಾವಾಗ, ಎಷ್ಟು ಸಲ ವಾಂತಿ, ಜ್ವರ ಎಷ್ಟಿತ್ತು, ಉಣ್ಣೆ ಮಾತ್ರೆ ಕೊನೆಗೆ ಕೊಟ್ಟದ್ದು ಯಾವತ್ತು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೇಧಿಯ ಫೋಟೊ, ಫಿಟ್ಸ್ ಅಥವಾ ಕೆಮ್ಮಿನ ವಿಡಿಯೊ ಮೊಬೈಲಲ್ಲಿರಲಿ, ಕ್ಲಿನಿಕ್‌ಗೆ ಬಂದ ತಕ್ಷಣ ನಾಯಿ ಏನೂ ಆಗಿಲ್ಲ ಅನ್ನೋ ಹಾಗೆ ನಿಂತುಬಿಡುತ್ತದೆ. ಖಾಸಗಿ ಕ್ಲಿನಿಕ್ ಖರ್ಚು ಭಾರ ಅನಿಸಿದರೆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ ಇದೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಇಂಥ ಕಾಲೇಜುಗಳಿವೆ. ರಾತ್ರಿ ಹೊತ್ತು ತೆರೆದಿರುವ ಕ್ಲಿನಿಕ್ ಯಾವುದು ಅಂತ ಇವತ್ತೇ ವಿಚಾರಿಸಿ, ನಂಬರನ್ನು ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.