ಹೊಸ ಇನ್‌ಲೈನ್ ಸ್ಕೇಟ್ಸ್ ಕಾಲು ಕಚ್ಚದಂತೆ ಪಳಗಿಸುವುದು

ಸಂಜೆ ಹೊತ್ತು ಸ್ಕೇಟಿಂಗ್ ರಿಂಕ್‌ನಲ್ಲಿ ಮಕ್ಕಳಿಗೆ ಇನ್‌ಲೈನ್ ಸ್ಕೇಟ್ಸ್, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಬೂಟು, ಕಟ್ಟಿಕೊಡುವ ಕೆಲಸ ನನ್ನದು. ಹೊಸ ಜೋಡಿ ತಂದವರೆಲ್ಲ ಹೇಳುವುದು ಒಂದೇ ಮಾತು: "ನೋಯ್ತಿದೆ, ಸ್ವಲ್ಪ ಸಡಿಲ ಮಾಡಿ." ಸಡಿಲ ಮಾಡಿದರೆ ಹಿಮ್ಮಡಿ ಒಳಗೇ ಮೇಲೆ ಕೆಳಗೆ ಆಡುತ್ತದೆ. ಬೊಬ್ಬೆ ಏಳುವುದೇ ಆಗ.

ಕಟ್ಟುವ ಮೊದಲು ಬೆರಳು ಮೇಲೆತ್ತಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ಪಾದ ಹಿಂದಕ್ಕೆ ಸರಿದು ಕೂರುತ್ತದೆ. ಬೆರಳಿನ ಕಡೆ ಲೇಸ್ ಹಗುರವಾಗಿರಲಿ. ಪಾದ ಮಡಚುವ ಜಾಗದಲ್ಲಿ ಓರೆಯಾಗಿ ಬರುವ ಪಟ್ಟಿ ಇದೆಯಲ್ಲ, ಹಿಮ್ಮಡಿಯನ್ನು ಹಿಡಿದಿಡುವುದು ಅದು. ಬಿಗಿ ಅಲ್ಲಿರಲಿ. ಮೇಲಿನ ಬಕಲ್ ಹಾಕುವಾಗ ಮಂಡಿ ಬಗ್ಗಿಸಿಕೊಂಡಿರಿ. ಬೆರಳು ಜೋಮು ಹಿಡಿದರೆ ಕೆಳಗಿನ ಲೇಸ್ ಮಾತ್ರ ಸಡಿಲಿಸಿ.

ಸೈಜ್ ತಪ್ಪಿದ್ದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೂಟಿನ ಒಳಗಿನ ಮೆತ್ತನೆ ಪದರ, ಅಂದರೆ ಲೈನರ್‌ನ ಫೋಮ್ ಅಷ್ಟೇ ಕಾಲಿನ ಬಿಸಿಗೆ, ಭಾರಕ್ಕೆ ತಗ್ಗುತ್ತದೆ. ಹೊರಗಿನ ಗಟ್ಟಿ ಪ್ಲಾಸ್ಟಿಕ್ ತಾನಾಗಿ ಹಿಗ್ಗುವುದಿಲ್ಲ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಬಗ್ಗಿಸಿದರೂ ಬೆರಳು ಮುದುಡಿಕೊಂಡೇ ಇದ್ದರೆ ಸುಮ್ನೆ ಒದ್ದಾಡಬೇಡಿ, ಅಂಗಡಿಗೆ ವಾಪಸ್ ಕೊಡಿ. ಇನ್ನು "ಮುಂದಿನ ವರ್ಷಕ್ಕೂ ಆಗಲಿ" ಅಂತ ಎರಡು ಸೈಜ್ ದೊಡ್ಡದು ತರುವ ಅಪ್ಪ-ಅಮ್ಮಂದಿರು! ಯೂನಿಫಾರ್ಮ್‌ಗೆ ಆ ಲೆಕ್ಕ ಸರಿ. ಸ್ಕೇಟ್ಸ್‌ಗಾದರೆ ಸೈಜ್ ಹೆಚ್ಚು ಕಡಿಮೆ ಮಾಡಿಕೊಳ್ಳುವ ಮಾದರಿಗಳೇ ಸಿಗುತ್ತವೆ.

ಮೊದಲ ಕೆಲವು ದಿನ ಮನೆಯಲ್ಲೇ ಹಾಕಿಕೊಳ್ಳಿ. ಚಾಪೆಯ ಮೇಲೆ ಕಾಲಿಟ್ಟು, ಟಿವಿ ನೋಡುತ್ತಾ ಅರ್ಧ ಗಂಟೆ ಕೂತರೆ ಸಾಕು. ನಡುನಡುವೆ ಗೋಡೆ ಹಿಡಿದು ಎದ್ದು ಮಂಡಿ ಬಗ್ಗಿಸಿ. ರಿಂಕ್‌ನಲ್ಲೂ ಶುರುವಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ಸ್ಕೂಲಿನ ಕಾಟನ್ ಸಾಕ್ಸ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ತೆಳುವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಸಾಕ್ಸ್ ಇರಲಿ. ಬೂಟಿನ ಅಂಚಿಗಿಂತ ಮೇಲೆ ಬರಬೇಕು, ಸುಕ್ಕು ಇರಬಾರದು.

ಎಲ್ಲಾದರೂ ಚುರುಚುರು ಅಂದರೆ "ಇನ್ನೊಂದು ರೌಂಡ್" ಅನ್ನಬೇಡಿ. ತಕ್ಷಣ ಬಿಚ್ಚಿ ನೋಡಿ. ಕೆಂಪಾದ ಜಾಗ ಒರೆಸಿ ಒಣಗಿಸಿ, ಮೆಡಿಕಲ್ ಶಾಪ್‌ನ ಟೇಪ್ ಅಂಟಿಸಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದರೆ ಸಾಕ್ಸ್‌ಗೆ ಸಿಕ್ಕಿ ಏಳುವುದಿಲ್ಲ. ಕಣಕಾಲಿನ ಮೂಳೆ ಒತ್ತುತ್ತಿದ್ದರೆ ಅದರ ಮೇಲೇ ಮೆತ್ತೆ ಇಡಬೇಡಿ, ಒತ್ತಡ ಇನ್ನೂ ಹೆಚ್ಚುತ್ತದೆ. ಫೋಮ್ ತುಂಡನ್ನು ಉದ್ದಿನ ವಡೆಯಂತೆ ನಡುವೆ ತೂತು ಮಾಡಿ, ಮೂಳೆ ಆ ತೂತಿನೊಳಗೆ ಕೂರುವಂತೆ ಇಡಿ. ಎದ್ದ ಬೊಬ್ಬೆಯ ಚರ್ಮ ಕೀಳಬೇಡಿ.

ಪಾದದ ಅಡಿಭಾಗ ಸೆಳೆಯುವುದಕ್ಕೆ ಬೂಟನ್ನೇ ಬೈಯಬೇಡಿ. ಬೀಳುವ ಭಯಕ್ಕೆ ಹೊಸಬರು ಬೆರಳಿನಿಂದ ನೆಲ ಹಿಡಿಯಲು ನೋಡುತ್ತಾರೆ, ಅದರ ಸೆಳೆತ ಅದು. ಬೆರಳು ಆಡಿಸಿ, ಮಂಡಿ ಇನ್ನಷ್ಟು ಬಗ್ಗಿಸಿ.

ಮನೆಗೆ ಬಂದ ಮೇಲೆ ಸ್ಕೇಟ್ಸ್ ಬ್ಯಾಗಿನಲ್ಲೇ ಬಿಡಬೇಡಿ. ಲೈನರ್ ಹೊರಬರುವಂಥದ್ದಾದರೆ ತೆಗೆದು ಫ್ಯಾನ್ ಕೆಳಗಿಡಿ. ಒದ್ದೆ ಲೈನರ್‌ಗೆ ಮರುದಿನ ಕಾಲು ಹಾಕಿದರೆ ಚರ್ಮ ಬೇಗ ಸುಲಿಯುತ್ತದೆ, ವಾಸನೆಯಂತೂ ಕೇಳಲೇಬೇಡಿ.