ಅಳಿಯನಿಗೊಂದು ವಿಸಿಲ್ ಹುಡುಕಿದ ಕಥೆ

"ನಿನ್ ಮಗನ ಬರ್ತ್‌ಡೇಗೆ ಈ ಸಲ ವಿಸಿಲ್ ಕೊಡೋಣ ಅಂತಿದೀನಿ ಅಕ್ಕಾ" ಅಂದಿದ್ದಕ್ಕೆ ಅಕ್ಕ ಫೋನಲ್ಲೇ ಕೇಳಿದ್ಲು, "ಯಾವ್ದು, ಕುಕ್ಕರ್‌ದಾ?" ಅಂತ. ಕುಕ್ಕರ್‌ದಲ್ಲ, ಟಿನ್ ವಿಸಿಲ್. ಐರಿಶ್ ಜಾನಪದದಲ್ಲಿ ಊದ್ತಾರಲ್ಲ, ಪೀಪಿ ಥರ ನೇರ ಬಾಯಿಗಿಟ್ಕೊಂಡು, ಸುಮಾರು ಒಂದಡಿ ಉದ್ದ, ಆರು ತೂತು, ಹಿಂದೆ ಹೆಬ್ಬೆರಳಿಗೆ ತೂತಿಲ್ಲ. 1843ರಲ್ಲಿ ರಾಬರ್ಟ್ ಕ್ಲಾರ್ಕ್ ಅನ್ನೋ ಇಂಗ್ಲಿಷಿನವನು ತಗಡು ಸುತ್ತಿ ಮಾಡೋಕೆ ಶುರು ಮಾಡ್ದ, ಈಗ ಬರೋದು ಜಾಸ್ತಿ ಹಿತ್ತಾಳೆ ಕೊಳವೆ, ಮೇಲೊಂದು ಪ್ಲಾಸ್ಟಿಕ್ ಬಾಯಿ, ಹೆಸರು ಮಾತ್ರ ಹಾಗೇ ಉಳೀತು. ಅಳಿಯ ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಾನೆ, ಏಳು ವರ್ಷದಿಂದ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಕಲೀತಿದಾನೆ, ಕಾಲೇಜಿನ ಹುಡುಗ್ರು ಸೇರ್ಕೊಂಡು ಬ್ಯಾಂಡ್ ಅಂತ ಮಾಡಿ ಐರಿಶ್ ಹುಚ್ಚು ಹತ್ತಿಸ್ಕೊಂಡಿದಾರೆ. ನಾನು ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿಯೋನು. ಶ್ರುತಿ ವಿಷಯ ನಂಗೆ ಗೊತ್ತು ಅನ್ನೋ ಜಂಬ ಇತ್ತು, ಅದಕ್ಕೇ ಮೊದಲ ಸಲ ಚೆನ್ನಾಗಿ ಏಟು ತಿಂದೆ.

ಆನ್‌ಲೈನಲ್ಲಿ ಮುನ್ನೂರು ಚಿಲ್ಲರೆಗೆ ಒಂದು ಸಿಕ್ತು, ಫೋಟೋ ಚೆನ್ನಾಗಿತ್ತು, ಆರ್ಡರ್ ಮಾಡ್ಬಿಟ್ಟೆ. ಎರಡು ತಪ್ಪು. ಒಂದು, ಸಿ ಕೀ, ಅಂದ್ರೆ ಸಿ ಶ್ರುತಿಯದ್ದು ತಗೊಂಡೆ, ಹಾರ್ಮೋನಿಯಂನಲ್ಲಿ ಸಿ ಅಂದ್ರೆ ಬಿಳಿ ಒಂದು (ಮೊದಲ ಬಿಳಿ ಪಟ್ಟಿ), ಎಲ್ಲದಕ್ಕೂ ಶುರು ಅಲ್ಲಿಂದ್ಲೇ ಇರುತ್ತೆ ಅಂದ್ಕೊಂಡು. ಐರಿಶ್ ಟ್ಯೂನ್‌ಗಳು ಹೆಚ್ಚಿಗೆ ಇರೋದು ಡಿ ಮತ್ತೆ ಜಿ ಸ್ಕೇಲಲ್ಲಿ, ಅವರ ಜೊತೆ ಕೂತು ಊದ್ಬೇಕಂದ್ರೆ ಡಿ ವಿಸಿಲ್ಲೇ ಬೇಕು. ಎರಡನೇದು ಇನ್ನೂ ದೊಡ್ಡದು. ಎಲ್ಲಾ ತೂತು ಮುಚ್ಚಿ ಮೆಲ್ಲಗೆ ಊದಿದ್ರೆ ಕೆಳಗಿನ ಸ್ವರ, ಅದೇ ಬೆರಳಿಟ್ಟು ಸ್ವಲ್ಪ ಜೋರಾಗಿ ಊದಿದ್ರೆ ಮೇಲಿನ ಸಪ್ತಕದ ಅದೇ ಸ್ವರ, ಇಡೀ ವಾದ್ಯ ನಿಂತಿರೋದೇ ಈ ಎರಡರ ನಂಟಿನ ಮೇಲೆ. ನಂದ್ರಲ್ಲಿ ಮೇಲಿಂದು ಕೆಳಗಿನದಕ್ಕಿಂತ ಇಳಿದು ಕೂತಿತ್ತು. ಫೋನಿನ ಟ್ಯೂನರ್ ಹಾಕಿ ನೋಡ್ದೆ, ಸುಮಾರು 35 ಸೆಂಟ್ ಕಮ್ಮಿ (ಹಾರ್ಮೋನಿಯಂನಲ್ಲಿ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ 100 ಸೆಂಟ್ ಅಂತ ಲೆಕ್ಕ, ಕರಿಯದ್ದೂ ಸೇರಿಸಿ). ಪೂರ್ತಿ ವಾದ್ಯ ಒಟ್ಟಿಗೆ ಮೇಲೋ ಕೆಳಗೋ ಇದ್ರೆ ತಲೆಭಾಗ ಸ್ವಲ್ಪ ಎಳೆದು ಇಲ್ಲ ಒತ್ತಿ ಸರಿ ಮಾಡ್ಬಹುದು, ತಲೆ ಅಂಟಿಸಿದ್ರೂ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ತಿರುಚಿದ್ರೆ ಸಾಮಾನ್ಯವಾಗಿ ಬಿಟ್ಕೊಳುತ್ತೆ. ಆದ್ರೆ ಎರಡು ಸಪ್ತಕ ಒಂದಕ್ಕೊಂದು ಮುನಿಸ್ಕೊಂಡಿದ್ರೆ ಎಷ್ಟು ಎಳೆದ್ರೂ ರಾಜಿ ಆಗಲ್ಲ.

ಮುಂದಿನ ಶನಿವಾರ ಫಾಸ್ಟ್ ಲೋಕಲ್ ಟ್ರೈನ್ ಹಿಡ್ದು ಮುಂಬೈನ ಸಿಎಸ್‌ಎಂಟಿಗೆ ಹೋಗಿ ಅಲ್ಲಿಂದ ಧೋಬಿ ತಲಾವ್‌ಗೆ ನಡ್ಕೊಂಡ್ ಹೋದೆ, ವಾದ್ಯದ ಅಂಗಡಿಗಳು ಇರೋದು ಆ ಕಡೆ. ಒಂದೇ ಮಾಡೆಲಿನ ಡಿ ವಿಸಿಲ್ ಮೂರು ತೆಗೀರಿ ಅಂದೆ. ಅಂಗಡಿಯ ಹುಡುಗ "ಸಬ್ ಏಕ್ ಹೀ ಹೈ ಸಾಬ್" ಅಂದ. ಒಂದೇ ಅಲ್ಲ, ಫ್ಯಾಕ್ಟರಿ ಮಾಲಲ್ಲಿ ಒಂದೊಂದು ಪೀಸೂ ಒಂದೊಂದು ಥರ, ಬಾಯಿಯ ಸೀಳು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ದನಿ ಬದಲಾಗುತ್ತೆ. ಬಾಯಿಗೆ ಹಚ್ಚೋ ವಸ್ತು, ಊದಕ್ಕೆ ಬಿಡಲ್ಲ ಅಂತ ಗೊತ್ತಿದ್ದೇ ಸ್ಪಿರಿಟ್ ಹಚ್ಚಿದ ಟಿಶ್ಯೂ ಪ್ಯಾಕೆಟ್ ಇಟ್ಕೊಂಡ್ ಹೋಗಿದ್ದೆ, ಅದನ್ನ ನೋಡಿ ಮಾಲೀಕರು ನಕ್ಕು, ಊದಿ ಅಂದ್ರು.

ಮೊದಲು ಮೂರನ್ನೂ ಐದು ನಿಮಿಷ ಕೈಯಲ್ಲಿ ಹಿಡ್ದು ಬೆಚ್ಚಗೆ ಮಾಡ್ದೆ. ಎಸಿ ಅಂಗಡಿಯಲ್ಲಿ ತಣ್ಣಗಿರೋ ಕೊಳವೆ ಊದಿದ್ರೆ ಶ್ರುತಿ ಕೆಳಗೇ ತೋರ್ಸುತ್ತೆ, ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 3 ಸೆಂಟ್ ಏರುತ್ತೆ, ಹಾಗಾಗಿ ತಣ್ಣಗಿದ್ದಾಗ ತೀರ್ಪು ಕೊಡೋದು ಅನ್ಯಾಯ. ಆಮೇಲೆ ಇಯರ್‌ಫೋನ್ ಒಂದು ಕಿವಿಗೆ ಹಾಕಿ ತಾನ್ಪುರ ಆಪ್ ಡಿಗೆ ಇಟ್ಟೆ. ಕೆಳಗಿನ ಡಿ, ಮೇಲಿನ ಡಿ, ಹಾಗೇ ಇ, ಎಫ್ ಶಾರ್ಪ್, ಜಿ ಅಂತ ಒಂದೊಂದೇ ಜೋಡಿ. ಮೊದಲನೇದು ಕೆಳಗಿನ ಡಿ ಹಿಡಿದು ನಿಲ್ಲಲ್ಲ, ಉಸಿರು ಚೂರು ಹೆಚ್ಚಾದ್ರೆ ಹಾರಿ ಮೇಲಕ್ಕೆ ಹೋಗುತ್ತೆ, ಸೈಡಿಗಿಟ್ಟೆ. ಮೂರನೇದಕ್ಕೆ ಟ್ಯೂನರ್ ಕೆಳಗಿನ ಸಪ್ತಕದಲ್ಲಿ ಎಲ್ಲಾ ಸ್ವರಕ್ಕೂ ಹಸಿರು ತೋರಿಸ್ತು, ಅದೇ ತಗೊಂಡ್ಬಿಡ್ತಿದ್ದೆ, ಅಷ್ಟರಲ್ಲಿ ಮೇಲಿನ ಎ ಮತ್ತೆ ಬಿ ಊದಿ ನೋಡಿದ್ರೆ ಕಿವಿ ಸೀಳೋ ಹಾಗೆ ಏರಿ ಕೂತಿದಾವೆ.

ಎರಡನೇದ್ರದ್ದು ತಮಾಷೆ. ಎರಡೂ ಸಪ್ತಕ ಗಂಡ-ಹೆಂಡ್ತಿ ಥರ ಹೊಂದಿಕೊಂಡಿತ್ತು, ಆದ್ರೆ ಎಫ್ ಶಾರ್ಪ್ ಟ್ಯೂನರಲ್ಲಿ 12 ಸೆಂಟ್ ಕಮ್ಮಿ, ಕೆಂಪು ಲೈಟು. ಕಣ್ಣು ಬೇಡ ಅಂತು, ತಾನ್ಪುರ ಕೇಳ್ತಿದ್ದ ಕಿವಿ ಆಹಾ ಅಂತು. ಹಾರ್ಮೋನಿಯಂನವನಿಗೆ ಇದು ಹಳೇ ನೋವು. ನಮ್ಮ ಪೆಟ್ಟಿಗೆಯ ಗಾಂಧಾರ ತಾನ್ಪುರದಲ್ಲಿ ತಾನಾಗೇ ಕೇಳೋ ಗಾಂಧಾರಕ್ಕಿಂತ 14 ಸೆಂಟ್ ಮೇಲಿರುತ್ತೆ, ಟ್ಯೂನರ್ ಅಳೆಯೋದು ಪೆಟ್ಟಿಗೆಯ ಲೆಕ್ಕದಲ್ಲೇ. ಡಿ ಸ ಆದ್ರೆ ಎಫ್ ಶಾರ್ಪ್ ಗಾಂಧಾರ ತಾನೇ. ಅವರ ಬ್ಯಾಂಡಲ್ಲಿ ಗಿಟಾರ್ ಇದೆ, ಗಿಟಾರೂ ಪೆಟ್ಟಿಗೆ ಜಾತೀದೇ, ಹಂಗಾಗಿ ಸ್ವಲ್ಪ ಯೋಚ್ನೆ ಆಯ್ತು. ಆದ್ರೆ 10-12 ಸೆಂಟನ್ನ ಉಸಿರಲ್ಲಿ ಏರಿಸ್ಕೊಳ್ಳೋದು ಏಳು ವರ್ಷ ಬಾನ್ಸುರಿ ಊದಿದೋನಿಗೆ ಕಷ್ಟ ಅಲ್ಲ, ಅಂತ ಎರಡನೇದೇ ತಗೊಂಡೆ. ಕಲಿಯೋಕೆ ಶುರು ಮಾಡೋ ಮಗುಗೆ ಕೊಡೋದಾಗಿದ್ರೆ ಈ ಧೈರ್ಯ ಮಾಡ್ತಿರ್ಲಿಲ್ಲ. ಬಿಲ್ ಮಾಡಿಸೋಕೆ ಮುಂಚೆ ಮೊದಲ ತೂತು ಬಿಟ್ಟು ಎರಡು ಮೂರು ಮುಚ್ಚಿ ಸಿ ನ್ಯಾಚುರಲ್ (ಶಾರ್ಪ್ ಅಲ್ಲದ ಸಿ) ಒಂದ್ಸಲ ನೋಡ್ದೆ, ಇದು ಕೆಟ್ಟಿರೋ ವಿಸಿಲ್‌ಗಳು ಬೇಕಾದಷ್ಟಿವೆ. ಪಕ್ಕದ ಇರಾನಿ ಹೋಟೆಲಲ್ಲಿ ಬನ್ ಮಸ್ಕಾ ತಿಂದೇ ವಾಪಸ್ ಬಂದೆ, ಅದೂ ಖರೀದಿಯ ಭಾಗವೇ.

ಭಾನುವಾರ ಕಲ್ಯಾಣದಿಂದ ಟ್ರೈನ್ ಹತ್ತಿ ಪುಣೆಗೆ ಹೋಗಿ ಕೊಟ್ಟೆ. ಐರಿಶ್ ಏನಾದ್ರೂ ಊದ್ತಾನೆ ಅಂದ್ಕೊಂಡ್ರೆ ಮೇಲಿನ ಮೂರು ಬೆರಳಿಟ್ಟು ಜಿಯನ್ನೇ ಸ ಮಾಡ್ಕೊಂಡು, ಅಂದ್ರೆ ಬಿಳಿ ಐದು, ಮರಾಠಿಯವರ ಪಾಂಢರಿ ಪಾಚ್, ನೇರ ಯಮನ್ ರಾಗ ಹಿಡ್ದ. ನಾನು ಅಷ್ಟು ಅಳೆದೂ ಅದನ್ನ ಯೋಚ್ನೇನೇ ಮಾಡಿರ್ಲಿಲ್ಲ. ಬಾನ್ಸುರಿಯ ಲೆಕ್ಕವೇ ಅದು, ಎಲ್ಲಾ ತೂತು ಬಿಟ್ರೆ ಬರೋ ಸಿ ಶಾರ್ಪ್ ತೀವ್ರ ಮಧ್ಯಮ ಆಗ್ಬಿಡುತ್ತೆ. ಎರಡು ನಿಮಿಷ ಊದಿ ನಿಲ್ಲಿಸಿ, "ಮಾವಾ, ತೀವ್ರ ಮ ಒಂದು ಚೂರು ಕೆಳಗಿದೆ, ಪರ್ವಾಗಿಲ್ಲ, ಊದಿ ಏರಿಸ್ತೀನಿ, ಆದ್ರೆ ಗ ಎಷ್ಟ್ ಚೆನ್ನಾಗಿದೆ!" ಅಂದ. ಸಿ ಶಾರ್ಪ್ ನಾನು ನೋಡೋದೇ ಮರ್ತಿದ್ದೆ. ಹೇಳ್ಲಿಲ್ಲ.

ಆ ಮುನ್ನೂರರ ಸಿ ವಿಸಿಲ್ ಮನೇಲೇ ಇದೆ. ಕೆಳಗಿನ ಸಪ್ತಕ ದಾಟದಿದ್ರೆ ಬಿಳಿ ನಾಲ್ಕಕ್ಕೆ ಸರಿ ಕೂರುತ್ತೆ, ನಮ್ಮ ಮಂಡಳಿ ಹಾಡೋದೂ ಬಿಳಿ ನಾಲ್ಕಲ್ಲೇ. ಹೋದ ಏಕಾದಶಿಗೆ ಒಂದು ಅಭಂಗಕ್ಕೆ ಊದ್ದೆ, ಮಳೆಗಾಲ ಬೇರೆ, ಮಧ್ಯದಲ್ಲಿ ಬಾಯೊಳಗೆ ನೀರು ಕಟ್ಟಿ ದನಿ ನಿಂತೋಯ್ತು. ಕಿಂಡಿಗೆ ಬೆರಳಿಟ್ಟು ಜೋರಾಗಿ ಊದಿ ನೀರು ಹಾರಿಸಿದೆ, ಮುಂದೆ ಕೂತಿದ್ದ ತಬಲಾದವರ ಮೇಲೇ ಬಿತ್ತು.