ವಸ್ತಿ ಬಸ್ಸು ತಪ್ಪಿಸಬಾರದು: ಹಳ್ಳಿ ರೂಟು ನಡೆಸಿದ ಅನುಭವ

ದಾವಣಗೆರೆಯಿಂದ ಅಣಜಿ, ಬಿಳಿಚೋಡು ದಾಟಿ ಜಗಳೂರು ಸೀಮೆಯ ಒಳಹಳ್ಳಿಗಳಿಗೆ ಓಡುವ ಖಾಸಗಿ ಬಸ್ಸಿಗೆ ದುಡ್ಡು ಹುಟ್ಟುವುದು ಎರಡೇ ಟ್ರಿಪ್‌ನಲ್ಲಿ: ಬೆಳಿಗ್ಗೆ ಎಂಟರದು, ಸಂಜೆ ಐದೂವರೆಯದು. ಊರಿಗೆ ಅವಕ್ಕಿಂತ ಹೆಚ್ಚು ಬೇಕಾದದ್ದು ಬೆಳಗಿನ ಆರರದು, ರಾತ್ರಿ ಏಳೂವರೆಯದು. ರಾತ್ರಿ ಹೋದ ಬಸ್ಸು ಊರಲ್ಲೇ ತಂಗಿ ಬೆಳಿಗ್ಗೆ ಹೊರಡುತ್ತದೆ, ಅದೇ ವಸ್ತಿ ಬಸ್ಸು. ಜಾತ್ರೆಗೆ ಬ್ಯಾನರ್ ಕಟ್ಟಿಸುವುದು, ಗಣಪತಿ ಪಟ್ಟಿಗೆ ದುಡ್ಡು ಬರೆಸುವುದು ಎಲ್ಲ ಮಾಲೀಕರೂ ಮಾಡುತ್ತಾರೆ. ನಾವೂ ಕೊಡುತ್ತೇವೆ. ಜನ ‘ನಮ್ಮೂರ ಬಸ್ಸು’ ಅನ್ನುವುದು ಮಾತ್ರ ಆ ಎರಡು ಬಡ ಟ್ರಿಪ್ ತಪ್ಪದೆ ಓಡಿದಾಗ.

ಬೆಳಗಿನ ವೇಳೆಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲು ಬೆಳೆಯುವ ಮುಂಚೆ ರೋಗಿ ಅಲ್ಲಿರಬೇಕು. ಹೂವು, ಸೊಪ್ಪಿನ ಗಂಟು ಅದಕ್ಕೂ ಮೊದಲು ಮಾರ್ಕೆಟ್ ಮುಟ್ಟಬೇಕು. ದಾರಿಗೆ ಒಂದೂವರೆ ಗಂಟೆ ಹಿಡಿದರೆ ಊರು ಬಿಡುವುದು 6.10ಕ್ಕೆ. ಈ ಒಂದೂವರೆ ಗಂಟೆಯಲ್ಲಿ ಸುಮಾರು 20 ಸ್ಟಾಪ್‌ಗೆ ಅರ್ಧರ್ಧ ನಿಮಿಷ ಸೇರಿರಬೇಕು, ಸಂತೆ ದಿನಕ್ಕೆ ಇನ್ನೂ ಎಂಟು ನಿಮಿಷ. ಹೊಸದಾಗಿ ರೂಟು ಹಿಡಿದವರು ಖಾಲಿ ಬಸ್ಸು ಓಡಿಸಿ ನೋಡಿ ವೇಳೆ ಬರೆಸುತ್ತಾರೆ. ಆಮೇಲೆ ದಿನವೂ ತಡ, ದಿನವೂ ಹಿಂದಿನ ಬಸ್ಸಿನವನ ಜೊತೆ ಟೈಮಿಂಗ್ಸ್ ಜಗಳ. ಪರ್ಮಿಟ್‌ನಲ್ಲಿ ಒಮ್ಮೆ ಬರೆಸಿದ ವೇಳೆ ಬದಲಿಸಬೇಕಾದರೆ ಮತ್ತೆ ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಮುಂದೆ ಅರ್ಜಿ ಹಿಡಿದು ನಿಲ್ಲಬೇಕು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಬತ್ತೆಯದು. ಕಲೆಕ್ಷನ್ ಮೇಲೆ ಬತ್ತೆ ಕೊಟ್ಟರೆ ಡ್ರೈವರ್, ಕಂಡಕ್ಟರ್ ಇಬ್ಬರೂ ಕಲೆಕ್ಷನ್ ಹಿಂದೆಯೇ ಓಡುತ್ತಾರೆ. ಪಾಸಿನ ಹುಡುಗರು ನಿಂತ ಸ್ಟಾಪಿನಲ್ಲಿ ಬಸ್ಸು ನಿಲ್ಲುವುದಿಲ್ಲ, ಕೋಲೂರಿ ಬರುವ ಅಜ್ಜಿಗೆ ಕಾಯುವುದಿಲ್ಲ, ಮುಂದಿನ ಬಸ್ಸನ್ನು ಹಿಂದೆ ಹಾಕಲು ಸ್ಪೀಡು. ಅವರನ್ನು ಬೈದು ಫಲವಿಲ್ಲ; ಓಡಿಸುತ್ತಿರುವುದು ಮಾಲೀಕನ ಲೆಕ್ಕ. ನಾವು ದಿನಗೂಲಿ ಗಟ್ಟಿ ಮಾಡಿ, ಬತ್ತೆಯನ್ನು ಟ್ರಿಪ್ ಮೇಲೆ ಕಟ್ಟಿದೆವು. ಮೊದಲ ಮತ್ತು ಕೊನೆಯ ಟ್ರಿಪ್‌ಗೆ ಒಂದೂವರೆ ಪಟ್ಟು. ದಂಡ ಇರುವುದು ಒಂದಕ್ಕೇ: ವೇಳೆಗಿಂತ ಎರಡು ನಿಮಿಷ ಮುಂಚೆ ಸ್ಟಾಪ್ ಬಿಟ್ಟರೆ. ತಡವಾದದ್ದಕ್ಕೆ ದಂಡ ಹಾಕಬಾರದು, ಹಾಕಿದ ದಿನವೇ ಬಸ್ಸು ಹಾರುತ್ತದೆ. ತಡವಾಗಿ ಬಂದ ಬಸ್ಸು ಬಂದೇ ಬರುತ್ತದೆ. ಮುಂಚೆ ಹೋದದ್ದು ಹೋಯಿತು, ಹಿಂದಿನ ಕ್ರಾಸಿನಿಂದ ನಡೆದು ಬರುತ್ತಿದ್ದವರು ಅಲ್ಲೇ ಉಳಿದರು. ಹೀಗೆ ಬದಲಿಸಿದರೆ ಟಿಕೆಟ್ ಹರಿಯದೆ ದುಡ್ಡು ಇಸಿದುಕೊಳ್ಳುವ ಚಾಳಿ ಹೆಚ್ಚುತ್ತದೆ, ಅದಕ್ಕೆ ಚೆಕಿಂಗ್ ಬೇಕು. ಆ ಖರ್ಚು ಒಪ್ಪಿಕೊಂಡೇ ಇಳಿಯಬೇಕು.

ಡ್ಯೂಟಿ ಹಂಚುವುದು ಮುಂದಿನ ತೊಡಕು. ಕಾರ್ಮಿಕ ಕಾಯಿದೆ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಒಂದೇ ಜೋಡಿ ಓಡಿಸಿದರೆ ಕಾಯಿದೆಯೂ ಮುರಿಯಿತು, ಡ್ರೈವರ್ ಕಣ್ಣೂ ಎಳೆಯಿತು. ಜೋಡಿ ಬದಲಾಗಬೇಕಾದದ್ದು ಮಧ್ಯಾಹ್ನ 1.30ಕ್ಕೆ, ದಾವಣಗೆರೆ ಸ್ಟ್ಯಾಂಡಿನಲ್ಲಿ. ಮಧ್ಯಾಹ್ನ ಹತ್ತಿದವರು ರಾತ್ರಿ 9ಕ್ಕೆ ಊರು ಮುಟ್ಟಿ ಅಲ್ಲೇ ವಸ್ತಿ, ಬೆಳಿಗ್ಗೆ 6.10ಕ್ಕೆ ಹೊರಟು 1.30ಕ್ಕೆ ಇಳಿದರೆ ಮಾರನೇ ದಿನ ಮಧ್ಯಾಹ್ನದವರೆಗೆ ಮನೆ. ನಡುವೆ ಒಂಬತ್ತು ಗಂಟೆ ಬಿಡುವು ಸಿಗುತ್ತದೆ, ಮಲಗಲು ನೆಟ್ಟಗೆ ಜಾಗ ಇದ್ದರೆ. ಬಸ್ಸಿನ ಸೀಟಿನ ಮೇಲೆ ಮಲಗಿದವನದು ನಿದ್ದೆಯಲ್ಲ. ರೂಟು ಶುರುಮಾಡುವ ಮುಂಚೆಯೇ ಊರಿನವರ ಜೊತೆ ಒಪ್ಪಂದ ಆಗಬೇಕು: ಸಮುದಾಯ ಭವನದಲ್ಲೋ ಗುಡಿಯ ಪಕ್ಕದಲ್ಲೋ ಒಂದು ಕೋಣೆ, ಫ್ಯಾನು, ನೀರು, ಶೌಚಾಲಯ. ಊಟದ ಹೊರೆ ಊರಿನ ಮೇಲೆ ಹಾಕಬಾರದು. ಮೊದಲ ತಿಂಗಳು ಪ್ರೀತಿಯಿಂದ ಕರೆದು ಬಡಿಸುತ್ತಾರೆ, ಆಮೇಲೆ ಯಾರ ಮನೆ ಸರದಿ ಅನ್ನುವ ಮಾತು ಬರುತ್ತದೆ.

ಬಸ್ಸು ನಿಲ್ಲಿಸುವ ಜಾಗ ಸಮತಟ್ಟಾಗಿರಲಿ, ಮೂತಿ ರಸ್ತೆ ಕಡೆಗಿರಲಿ, ಮೇಲೆ ಕರೆಂಟು ತಂತಿ ಇರಬಾರದು. ಇಳಿಜಾರಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ತಳ್ಳಿ ಸ್ಟಾರ್ಟ್ ಮಾಡಬಹುದು ಅನ್ನುವ ಹಳೇ ಲೆಕ್ಕ ಈಗ ನಡೆಯದು. ಸ್ಪ್ರಿಂಗ್ ಪಾರ್ಕಿಂಗ್ ಬ್ರೇಕು ಗಾಳಿ ತುಂಬದೆ ಬಿಡುವುದಿಲ್ಲ. ಬ್ರೇಕಿನ ಏರ್ ಟ್ಯಾಂಕಿನಲ್ಲಿ ಕೂಡುವ ನೀರನ್ನು ರಾತ್ರಿ ಬಸ್ಸು ನಿಲ್ಲಿಸಿದ ಕೂಡಲೇ, ಗಾಳಿ ಇರುವಾಗಲೇ, ಎರಡು ಮೂರು ಸೆಕೆಂಡು ವಾಲ್ವ್ ಎಳೆದು ಹೊರಗೆ ಹಾಕಬೇಕು. ಗಾಳಿ ಇಳಿದ ಮೇಲೆ ಬೆಳಿಗ್ಗೆ ಎಳೆದರೆ ಒತ್ತಡವಿಲ್ಲದೆ ಅದು ಚಿಮ್ಮಿ ಹೋಗುವುದಿಲ್ಲ. ಬ್ಯಾಟರಿ ಕಟಾಫ್ ಸ್ವಿಚ್ ಆಫ್, ಡೀಸೆಲ್ ಟ್ಯಾಂಕಿಗೆ ಬೀಗ, ಚಕ್ರಕ್ಕೆ ಅಡ್ಡಗಲ್ಲು. ಬೆಳಿಗ್ಗೆ ಸ್ಟಾರ್ಟ್ ಆಗದ ಬಸ್ಸಿನಲ್ಲಿ ಮೊದಲು ಕೇಳಬೇಕಾದದ್ದು, ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಿ ಮಲಗಿದ್ದವರು ಯಾರು ಅಂತ. ಹೊರಡುವ ಹತ್ತು ನಿಮಿಷ ಮೊದಲೇ ಎಂಜಿನ್ ಶುರುಮಾಡಿ, ಗಾಳಿ ಗೇಜಿನ ಮುಳ್ಳು 6 ಬಾರ್ ದಾಟಿದ ಮೇಲೆಯೇ ಗೇರು.

ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲ ಕರೆ 108ಕ್ಕೆ, ಬಸ್ಸಿನ ಬಾಗಿಲಿಗಲ್ಲ. ಆಂಬುಲೆನ್ಸ್ ಬರುವುದು ತೀರಾ ತಡ ಅಂತಾದರೆ ಬಸ್ಸು ಎದುರು ಹೋಗಿ ದಾರಿಯಲ್ಲಿ ಸಂಧಿಸುತ್ತದೆ. ಆ ಓಟಕ್ಕೆ ಟಿಕೆಟ್ ಇಲ್ಲ, ಬೇರೆ ಪ್ಯಾಸೆಂಜರ್ ಹತ್ತುವಂತಿಲ್ಲ, ಡ್ರೈವರ್ ಹೊರಡುವ ಮುಂಚೆ ಆಫೀಸಿಗೆ ಫೋನ್ ಮಾಡುತ್ತಾನೆ. ಮಾರನೇ ಬೆಳಗಿನ ಟ್ರಿಪ್‌ಗೆ ಬದಲಿ ಡ್ರೈವರ್ ಹೋಗಬೇಕಲ್ಲ.

ಈ ಸೀಮೆಯಲ್ಲಿ ಓಡಿಸುವವರಿಗೆ ಒಕ್ಕಣೆ ಕಾಲದ ಭಯ ಗೊತ್ತೇ ಇರುತ್ತದೆ. ಹುರುಳಿ, ರಾಗಿ, ನವಣೆಯನ್ನು ತಾರು ರಸ್ತೆ ಮೇಲೆ ಹರವುತ್ತಾರೆ. ಹುರುಳಿ ಬಳ್ಳಿ ಬಸ್ಸಿನಡಿ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಗಟ್ಟಿ ಹಗ್ಗದಂತಾಗುತ್ತದೆ, ಒಣ ಹೊಟ್ಟು ಸೈಲೆನ್ಸರ್ ಕಾವಿಗೆ ತಗುಲಿದರೆ ಹೊಗೆ, ಬಿಟ್ಟರೆ ಬೆಂಕಿ. ಬೈದಾಡಿದರೆ ರೈತರು ಅಂಚಿಗೆ ಇನ್ನೊಂದು ಸಾಲು ಕಲ್ಲಿಡುತ್ತಾರೆ, ಅಷ್ಟೇ. ಉಪಯೋಗಕ್ಕೆ ಬಂದದ್ದು ಸುಗ್ಗಿಗೆ ಮುಂಚೆ ಊರೂರಿನಲ್ಲಿ ಕೂತು ಮೂರು ಮಾತು ಒಪ್ಪಿಸಿದ್ದು: ಅರ್ಧ ರಸ್ತೆ ಬಿಡಬೇಕು, ತಿರುವಿನಲ್ಲಿ ಹರವಬಾರದು, ಹುರುಳಿ ಬೇಡವೇ ಬೇಡ. ರಾಗಿ ತೆನೆಯಾದರೆ ಸಹಿಸಬಹುದು. ಹುರುಳಿ ಸಿಕ್ಕರೆ ಡ್ರೈವರ್ ಒಂದನೇ ಗೇರಿನಲ್ಲಿ ದಾಟಿಸಿ, 50 ಮೀಟರ್ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟ ಮೇಲೆ ಕ್ಲೀನರ್ ಕೆಳಗೆ ನುಗ್ಗಿ ನೋಡುತ್ತಾನೆ. ಟೂಲ್ ಬಾಕ್ಸಿನಲ್ಲಿ ಜಾಕ್, ವೀಲ್ ಸ್ಪ್ಯಾನರ್, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, 24 ವೋಲ್ಟಿನ ಬಲ್ಬು, ಏರ್ ಹೋಸ್ ಪೈಪು, ಕ್ಲ್ಯಾಂಪಿನ ಜೊತೆ ಒಂದು ಕುಡುಗೋಲು ಇರಲೇಬೇಕು. ಕೈಯಿಂದ ಎಳೆದರೆ ಬಳ್ಳಿ ಬಿಗಿಯುತ್ತದೆ, ಕೊಯ್ದೇ ತೆಗೆಯಬೇಕು.

ವಿದ್ಯಾರ್ಥಿ ಪಾಸು ಅರ್ಧ ದರಕ್ಕೆ, ಜೂನ್‌ನಿಂದ ಮಾರ್ಚ್‌ವರೆಗೆ. ಫೋಟೊ, ಶಾಲೆಯ ಸೀಲು, ಮೇಲೆ ಲ್ಯಾಮಿನೇಷನ್. ಇಲ್ಲದಿದ್ದರೆ ಮೊದಲ ಮಳೆಗೇ ಅಕ್ಷರ ಅಳಿಸುತ್ತದೆ. ಹುಡುಗರು ಫುಟ್‌ಬೋರ್ಡಿನಲ್ಲಿ ನೇತಾಡುವುದಕ್ಕೆ ಉಪದೇಶ ಮದ್ದಲ್ಲ. ಬಾಗಿಲು ಹಾಕದೆ ‘ರೈಟ್’ ಇಲ್ಲ ಅನ್ನುವ ಒಂದೇ ನಿಯಮ, ಜೊತೆಗೆ 7.45ರಿಂದ 8.45ರ ನಡುವೆ ಹತ್ತಿರದ ದೊಡ್ಡ ಊರಿಗೆ ಒಂದು ಹೆಚ್ಚಿನ ಶಟಲ್. ಕೊನೆಯ ಟ್ರಿಪ್‌ನಲ್ಲಿ ಹೆಂಗಸರು ಎಲ್ಲಿ ‘ಹೋಲ್ಡಾನ್’ ಅಂದರೂ ನಿಲ್ಲಿಸಬೇಕು, ಸ್ಟಾಪಿರಲಿ ಬಿಡಲಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ ಅವರು ಅದಕ್ಕೇ ಕಾಯುತ್ತಾರೆ, ಕಾಯಬೇಕಾದದ್ದೇ. ನಮಗೆ ಉಳಿದಿರುವುದು ಒಳದಾರಿ.

ಬುತ್ತಿ ಇನ್ನೊಂದು ಸೇವೆ. ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಬೆಳಗಿನ ಬಸ್ಸಿಗೆ ರೊಟ್ಟಿ ಗಂಟು ಬರುತ್ತದೆ, ಸಂಜೆ ಖಾಲಿ ಡಬ್ಬಿ ವಾಪಸು. ಚಾರ್ಜು ಇಲ್ಲ. ಗಂಟಿನ ಮೇಲೆ ಹೆಸರು ಬರೆದರೆ ಕೆಲಸ ಕೆಡುತ್ತದೆ, ಒಂದೇ ಬಸ್ಸಿನಲ್ಲಿ ನಾಲ್ಕು ಜನ ಕೊಟ್ರೇಶ, ಮೂರು ಜನ ತಿಪ್ಪೇಶ. ತಗಡಿನ ನಂಬರ್ ಬಿಲ್ಲೆ ಕಟ್ಟಿದರೆ ಸರಿ. ರೊಟ್ಟಿ, ಚಟ್ನಿಪುಡಿ, ಒಣಪಲ್ಯಕ್ಕೆ ಮಾತ್ರ ಒಪ್ಪಿಗೆ. ಸಾರಿನ ಡಬ್ಬಿ ಒಮ್ಮೆ ಉರುಳಿದರೆ ಉಳಿದ ಗಂಟುಗಳೆಲ್ಲ ಹೋದವು. ಪಟ್ಟಣದಿಂದ ಊರಿಗೆ ಬರುವ ಔಷಧವನ್ನು ಮಾತ್ರ ಬಾನೆಟ್ ಮೇಲೆ ಇಡಕೂಡದು. ಇನ್ಸುಲಿನ್ ಕೆಡದೆ ಉಳಿಯಲು 2ರಿಂದ 8 ಡಿಗ್ರಿ ಬೇಕು, ಬಾನೆಟ್ ಕಾದ ಹಂಚು. ಬಟ್ಟೆ ಸುತ್ತಿದ ಐಸ್ ಪ್ಯಾಕ್ ಜೊತೆ ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಕಂಡಕ್ಟರ್ ಸೀಟಿನ ಕೆಳಗೆ ತರಬೇಕು. ಬಟ್ಟೆ ಯಾಕೆಂದರೆ ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕೂಡ ಹಾಳೇ.

ಮದುವೆ ಸೀಸನ್ನು, ನಾಯಕನಹಟ್ಟಿ ಜಾತ್ರೆ ಬಂದಾಗ ಪರೀಕ್ಷೆ. ಒಂದು ಮದುವೆ ಪಾರ್ಟಿ ಹಳ್ಳಿ ರೂಟಿನ ಎರಡು ದಿನದ ಗಳಿಕೆಗಿಂತ ಹೆಚ್ಚು ಕೊಡುತ್ತದೆ. ಜಾತ್ರೆಗೆ ಮೋಟಾರು ವಾಹನ ಕಾಯಿದೆಯ 87ನೇ ಸೆಕ್ಷನ್ನಿನಲ್ಲಿ ತಾತ್ಕಾಲಿಕ ಪರ್ಮಿಟ್ ಸಿಗುತ್ತದೆ. ಎರಡಕ್ಕೂ ಸ್ಪೇರ್ ಬಸ್ಸು ಕಳಿಸಬೇಕು. ಆರು ಬಸ್ಸಿಗೆ ಒಂದು ಸ್ಪೇರ್ ಇಲ್ಲದಿದ್ದರೆ ಬಂದ ಪಾರ್ಟಿಯನ್ನು ಬಿಡಬೇಕು. ವಸ್ತಿ ಬಸ್ಸನ್ನು ಮೂರು ಸಲ ಕಿತ್ತರೆ ಊರಿನವರು ಟೆಂಪೊ ಗೊತ್ತುಮಾಡಿಕೊಳ್ಳುತ್ತಾರೆ, ಆಮೇಲೆ ಖಾಲಿ ಬಸ್ಸು ಓಡಿಸಿದರೂ ಹತ್ತುವವರಿಲ್ಲ.

ಬಸ್ಸು ಕೆಟ್ಟು ಬರಲಾಗದ ದಿನ ಸಂಜೆ ನಾಲ್ಕರೊಳಗೆ ದಾರಿಯ ಪ್ರತಿ ಊರಿನ ಒಂದು ಚಹಾದಂಗಡಿಗೆ ಫೋನ್ ಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲೂ ಹಾಕುತ್ತೇವೆ, ಆದರೆ ಕೊನೆಯ ಬಸ್ಸಿಗೆ ಕಾಯುವ ಮುದುಕರು ವಾಟ್ಸಾಪ್ ನೋಡುವುದಿಲ್ಲ, ಚಹಾದಂಗಡಿಯ ಕಟ್ಟೆ ಮೇಲೆ ಕೂತಿರುತ್ತಾರೆ.